ಬಾಯಿ ಅವಳದು, ಕೂಗು ನನ್ನದು

ಅಣ್ಣನ ಮಗಳು ಸೋಲಲಿ ಎಂದು ನಾನು ಬಯಸಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಒಳ್ಳೆಯವಳೆಂದು ತಪ್ಪು ತಿಳಿಯುವುದು ಬೇಡ. ಆ ಹುಡುಗಿಯ ಮೇಲೆ ನನಗೇನೂ ದ್ವೇಷವಿರಲಿಲ್ಲ. ಅವಳನ್ನು ಕೊನೆಯ ಸಲ ಹತ್ತಿರದಿಂದ ನೋಡಿದಾಗ ಅವಳಿಗೆ ಎಂಟು ವರ್ಷ, ಹಲ್ಲಿನ ಸಂದಿಯಿಂದ ನೀರು ಚಿಮ್ಮಿಸಿ ನನ್ನ ಸೀರೆ ಒದ್ದೆ ಮಾಡಿದ್ದಳು. ನನ್ನ ಸಿಟ್ಟೆಲ್ಲ ಅಣ್ಣನ ಮೇಲೆ. ಆದರೆ ಅಣ್ಣ ತಾನೇ ಜಾವೆಲಿನ್ ಎಸೆಯುವವನಲ್ಲ, ಎಸೆಯುವುದನ್ನು ಕಲಿಸುವ ಕೋಚ್. ಅವನು ಸೋಲಬೇಕಾದರೆ ಅವಳೇ ಸೋಲಬೇಕಿತ್ತು.

ಐವತ್ತೆಂಟು ಮೀಟರ್ ಮೂವತ್ತಾರು ಸೆಂಟಿಮೀಟರ್. ಇದು ನನ್ನ ಅಳತೆ. ಹತ್ತೊಂಬತ್ತು ವರ್ಷದಿಂದ ನಮ್ಮ ದೇಶದಲ್ಲಿ ಯಾವ ಹೆಣ್ಣೂ ಜಾವೆಲಿನನ್ನು ಇದಕ್ಕಿಂತ ದೂರ ಎಸೆದಿರಲಿಲ್ಲ. ಇರುವ ಮನೆ ಬಾಡಿಗೆಯದು, ಗಂಡ ಇನ್ನೊಬ್ಬಳ ಪಾಲಾದ, ಬಲಭುಜದಲ್ಲಿ ಎರಡು ಸ್ಕ್ರೂ ಇವೆ, ಅವೂ ಆಸ್ಪತ್ರೆಯವರು ಹಾಕಿದ್ದು. ನನ್ನದು ಎಂದು ಎದೆ ತಟ್ಟಿ ಹೇಳಿಕೊಳ್ಳಲು ಇದ್ದದ್ದು ಆ ಅಂಕಿಯೊಂದೇ. ಅದು ಹುಟ್ಟಿದ ವರ್ಷವೇ ಅಣ್ಣನ ಮಗಳೂ ಹುಟ್ಟಿದ್ದು.

ಆ ಎಸೆತಕ್ಕೂ ಕೋಚ್ ಅಣ್ಣನೇ. ಕೂಗಬಾರದು ಎನ್ನುವುದು ಅವನ ಮಂತ್ರ. ಜಾವೆಲಿನ್ ಕೈಬಿಡುವಾಗ ಎಲ್ಲರೂ ಕೂಗುತ್ತಾರೆ. ಹೊಟ್ಟೆಯಿಂದ ಬರುವ ಕೂಗು ಅದು, ತಡೆದರೂ ನಿಲ್ಲುವುದಿಲ್ಲ. ಅಣ್ಣನ ಪ್ರಕಾರ ಕೂಗಿದವರ ಬಲ ಬಾಯಿಯಿಂದ ಸೋರಿಹೋಗುತ್ತದೆ. ಆರು ವರ್ಷ ನನ್ನ ಬಾಯಿಗೆ ಬೀಗ ಹಾಕಿ ಎಸೆಸಿದ. ಅವತ್ತು ಬೆಳಿಗ್ಗೆ ಯಾವುದೋ ಶೂ ವಿಷಯಕ್ಕೆ ಇಬ್ಬರಿಗೂ ಜಗಳವಾಗಿ ತಲೆ ಕೆಟ್ಟಿತ್ತು. ನಾಲ್ಕನೇ ಸಲ ಎಸೆಯುವಾಗ ಬೇಕೆಂದೇ ಕೂಗಿದೆ. ಬೇಲಿಯಾಚೆಗಿನ ನಾಯಿಗಳೆಲ್ಲ ಎದ್ದು ನಿಂತವಂತೆ. ಅಳತೆಯ ಫಲಕದಲ್ಲಿ ದಾಖಲೆ ಮೂಡಿತು. ನಾನು ಅಣ್ಣನ ಕಡೆಗೆ ಓಡಿದೆ. ಅವನು ಟೇಪು ಸುತ್ತುತ್ತಾ, ತಲೆ ಕೂಡ ಎತ್ತದೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಬಾಯಿ ಮುಚ್ಕೊಂಡಿದ್ರೆ ಅರವತ್ತು ದಾಟ್ತಿದ್ದೆ."

ಅಷ್ಟೇ. ಬೆನ್ನು ತಟ್ಟಲಿಲ್ಲ, ಭೇಷ್ ಎನ್ನಲಿಲ್ಲ.

ಭುಜ ಕೈಕೊಟ್ಟ ಮೇಲೆ ನನ್ನ ಹೊಟ್ಟೆ ಹೊರೆದದ್ದು ಸಿನಿಮಾ. ದೊಡ್ಡ ಸಿನಿಮಾ ಎಂದುಕೊಳ್ಳಬೇಡಿ. ಹನ್ನೆರಡು ದಿನದಲ್ಲಿ ಮುಗಿಯುವಂಥವು, ಮಧ್ಯಾಹ್ನದ ಆಟಕ್ಕೆ ಅರ್ಧ ಜನ ನಿದ್ದೆ ಮಾಡಲೆಂದೇ ಬರುವಂಥವು. ಆರಡಿ ಎತ್ತರ, ಅಗಲವಾದ ಬೆನ್ನು, ನಕ್ಕರೂ ಗದರಿಸಿದಂತೆ ಕಾಣುವ ಮುಖ; ನನಗೆ ದೆವ್ವದ ಪಾತ್ರ ಬಿಟ್ಟು ಬೇರೇನು ಕೊಟ್ಟಾರು? 'ಬಾವಿಯೊಳಗಿನ ಅತ್ತೆ' ಎಂಬ ಚಿತ್ರದ ಮೂರು ಭಾಗಗಳಲ್ಲೂ ಬಾವಿಯೊಳಗೆ ಇದ್ದದ್ದು ನಾನೇ. ಮೊದಲ ಭಾಗದ ಪೋಸ್ಟರಿನಲ್ಲಿ ನಾನು ಕೂದಲು ಕೆದರಿಕೊಂಡು ಕೊಡಲಿ ಎತ್ತಿ ನಿಂತಿದ್ದೆ. ಅದು ಅಣ್ಣನ ಮೈದಾನದ ಗೇಟಿಗೇ ಅಂಟಿಕೊಂಡಿತು. ಜಾವೆಲಿನ್ ಹಿಡಿದ ಕೈಯಲ್ಲಿ ಕೊಡಲಿ ಹಿಡಿದವಳು ತನ್ನ ಮನೆಗೆ ಬರುವುದು ಬೇಡ ಎಂದು ಅತ್ತಿಗೆಯ ಕೈಲಿ ಹೇಳಿಸಿದ. ಹನ್ನೊಂದು ವರ್ಷ ಮಾತು ಬಿಟ್ಟೆವು.

ಆ ಮೊದಲ ಸಿನಿಮಾವನ್ನು ನಾನು ದುಡ್ಡು ಕೊಟ್ಟೇ ನೋಡಿದೆ. ತೆರೆಯ ಮೇಲೆ ನನ್ನ ಬಾಯಿ ತೆರೆಯಿತು. ಹೊರಗೆ ಬಂದದ್ದು ಸಕ್ಕರೆ ಪಾಕದಂಥ ಯಾರದೋ ದನಿ. ನನಗೆ ತಿಳಿಸದೆಯೇ ಬೇರೆ ಹೆಂಗಸಿನಿಂದ ಡಬ್ ಮಾಡಿಸಿದ್ದರು. ಜನ ಹೆದರಲಿಲ್ಲ, ನಕ್ಕರು. ನನ್ನ ಬಾಯಿಗೆ ಯಾರೋ ಕೈಹಾಕಿ ನಾಲಿಗೆ ಬದಲಾಯಿಸಿದ ಹಾಗಾಯಿತು. ಅರ್ಧಕ್ಕೇ ಎದ್ದುಬಂದು ಡೈರೆಕ್ಟರನ್ನು ಹಿಡಿದು ಜಾಡಿಸಿದೆ. ನಿಮ್ಮ ಮುಖಕ್ಕೆ ನಿಮ್ಮ ದನಿ ಹೊಂದಲ್ಲ ಮೇಡಂ ಎಂದು ಅವನು ಹಲ್ಲು ಕಿರಿದ. ಆದರೆ ನನ್ನ ಬೈಗುಳ ಕೇಳಿ ಅವನಿಗೆ ಒಂದು ವಿಷಯ ಹೊಳೆಯಿತು. ಅವತ್ತಿನಿಂದ ಅವನ ನಾಯಕಿಯರೆಲ್ಲರ ಕಿರುಚಾಟಕ್ಕೆ ನಾನೇ ಗತಿ. ಡಬ್ಬಿಂಗ್ ಕೋಣೆಯಲ್ಲಿ ಕತ್ತಲು, ಎದುರಿಗೆ ತೆರೆ, ಕಿವಿಯಲ್ಲಿ ಸೌಂಡಿನವನ ಒಂದೇ ಮಾತು: "ತುಂಬಿ." ತೆರೆಯಲ್ಲಿ ಬಾಯಿ ತೆರೆದುಕೊಂಡ ಕೂಡಲೇ ನಾನು ಕೂಗಬೇಕು. ಖಾಲಿ ಬಾಯಿಗೆ ಸದ್ದು ತುಂಬುವುದು ನನ್ನ ಕಸುಬು. ಯೋಚನೆ ಮಾಡಿದರೆ ತಡವಾಗುತ್ತದೆ, ಆದ್ದರಿಂದ ಯೋಚನೆ ಮಾಡುವುದನ್ನೇ ಬಿಟ್ಟಿದ್ದೆ.

ಇನ್ನೊಂದು ಕಸುಬು ಟಿವಿ ಚಾನೆಲ್‌ನಲ್ಲಿ. ಅಥ್ಲೆಟಿಕ್ಸ್ ಬಂದಾಗ ವೀಕ್ಷಕ ವಿವರಣೆ. ಪಂದ್ಯ ನಡೆಯುವುದು ಎಲ್ಲೋ ದೂರದ ಮೈದಾನದಲ್ಲಿ; ನಾವು ಮಾತಾಡುವುದು ಇಲ್ಲಿ, ಒಂದು ಪುಟ್ಟ ಕೋಣೆಯಲ್ಲಿ. ಒಂದು ಟಿವಿ, ಎರಡು ಮೈಕು, ಕೆಮ್ಮು ಬಂದರೆ ಒತ್ತಿಕೊಳ್ಳಲು ಒಂದು ಗುಂಡಿ, ಅದನ್ನು ಒತ್ತಿದಷ್ಟು ಹೊತ್ತು ಮೈಕು ಸತ್ತಿರುತ್ತದೆ. ಪಕ್ಕದ ಕುರ್ಚಿಯಲ್ಲಿ ಅಂಕಿಅಂಶ. ಅವನಿಗೆ ನಾನಿಟ್ಟ ಹೆಸರು ಅದು. ಬಸ್ಸಿನ ಹಿಂದೆ ಕೂಡ ಓಡಿದವನಲ್ಲ, ಆದರೆ ಯಾವ ಓಟಗಾರನ ಅಜ್ಜಿ ಯಾವ ಇಸವಿಯಲ್ಲಿ ಓಡಿದಳೆಂದು ನಿದ್ದೆಯಲ್ಲೂ ಹೇಳುತ್ತಾನೆ. ನನ್ನ ಕುರ್ಚಿಗೆ ತನ್ನ ಬಾಮೈದನನ್ನು ತರಬೇಕೆಂದು ಮೂರು ವರ್ಷದಿಂದ ಹೊಂಚು ಹಾಕಿದ್ದಾನೆ. ನನ್ನ ಸಿನಿಮಾದ ಪೋಸ್ಟರು ಬಂದಾಗಲೆಲ್ಲ ಅದನ್ನು ಪ್ರೊಡ್ಯೂಸರ್ ಕಣ್ಣಿಗೆ ಬೀಳುವಂತೆ ಮಡಿಚಿ ಮೇಜಿನ ಮೇಲೆ ಇಟ್ಟಿರುತ್ತಾನೆ. ನಾನೂ ಸುಮ್ಮನಿರುವವಳಲ್ಲ. ಅವನ ಅಂಕಿಗಳ ಕಾಗದದಲ್ಲಿ ಆಗಾಗ ಒಂದು ಸೊನ್ನೆ ಸೇರಿಸಿಬಿಡುತ್ತೇನೆ.

ಅಣ್ಣನ ಮಗಳ ಫೈನಲ್ ಬಂದ ವಾರ ನನಗೆ ಎರಡೂ ಕಸುಬು ಒಟ್ಟಿಗೆ ಬಂದವು. ಐದು ದಿನ ಡಬ್ಬಿಂಗ್. ಹೊಸ ನಾಯಕಿಗೆ ಹನ್ನೊಂದು ಕಿರುಚಾಟ, ಅವಳ ಸ್ವಂತ ದನಿ ಬೆಕ್ಕಿನ ಮರಿಯದಕ್ಕಿಂತ ಮೇಲಲ್ಲ. ಆರನೇ ದಿನ ಬೆಳಿಗ್ಗೆ ಚಾನೆಲ್. ಗಂಟಲು ಉರಿಯುತ್ತಿತ್ತು. ರಜೆ ಹಾಕಬಹುದಿತ್ತು. ಹಾಕಿದ್ದರೆ ದಾಖಲೆ ಹೋಗುವುದನ್ನು ನೋಡಲಾರದೆ ಓಡಿಹೋದಳು ಎಂದು ಅಣ್ಣ ತಿಳಿಯುತ್ತಿದ್ದ. ಅದಕ್ಕಿಂತ ಗಂಟಲು ಹರಿದುಹೋಗಲಿ ಎಂದುಕೊಂಡು ಹೋದೆ.

ಅವತ್ತು ಶುರುವಿನಿಂದಲೇ ಮೈದಾನದ ಸದ್ದು ಬರಲಿಲ್ಲ. ಚಿತ್ರ ಬರುತ್ತಿತ್ತು, ಜನರ ಗದ್ದಲ, ಚಪ್ಪಾಳೆ ಯಾವುದೂ ಇಲ್ಲ. ತಪ್ಪು ಆ ಕಡೆಯದು, ಸರಿಮಾಡಲು ನೋಡುತ್ತಿದ್ದಾರೆ, ಅಲ್ಲಿಯವರೆಗೆ ಮಾತಾಡುತ್ತಲೇ ಇರಿ ಎಂದು ಸೌಂಡ್ ಇಂಜಿನಿಯರ್ ಗಾಜಿನಾಚೆಯಿಂದ ಹೇಳಿದ. ಅವನ ಭಾಷೆಯಲ್ಲೂ ಅದಕ್ಕೆ ತುಂಬುವುದು ಎಂದೇ ಹೆಸರು. ಇಲ್ಲಿ ತುಂಬುವುದೆಂದರೆ ಬಾಯಿಗೆ ಬಂದದ್ದನ್ನು ಹರಟಿ ಮೌನ ಮುಚ್ಚುವುದು. ಅಂಕಿಅಂಶ ಖುಷಿಯಿಂದ ತುಂಬತೊಡಗಿದ. ನನ್ನ ದಾಖಲೆ ಎಷ್ಟು ಹಳೆಯದೆಂದು ಆರು ಬಗೆಯಲ್ಲಿ ವಿವರಿಸಿದ. ಹತ್ತೊಂಬತ್ತು ವರ್ಷ, ಎಂದರೆ ಇನ್ನೂರ ಇಪ್ಪತ್ತೆಂಟು ತಿಂಗಳು ಎಂದು ನನ್ನ ಮುಖ ನೋಡಿ ಹೇಳಿದ.

ಹುಡುಗಿ ಮೊದಲ ನಾಲ್ಕು ಸಲ ಐವತ್ತಾರು ದಾಟಲಿಲ್ಲ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಮೊಣಕೈ ಕೆಳಗಿಳಿಯುತ್ತಿದೆ, ಹೆಜ್ಜೆ ಅವಸರವಾಗುತ್ತಿದೆ ಎಂದು ಒಂದೊಂದೇ ತಪ್ಪನ್ನು ಬಿಡಿಸಿ ಬಿಡಿಸಿ ವೀಕ್ಷಕರಿಗೆ ಬಡಿಸಿದೆ. ತಪ್ಪುಗಳೇನೋ ನಿಜವೇ ಆಗಿದ್ದವು. ಅವನ್ನು ಹೇಳುವಾಗಿನ ನನ್ನ ಸಂತೋಷ ಮಾತ್ರ ಒಳ್ಳೆಯದಾಗಿರಲಿಲ್ಲ.

ಐದನೇ ಸಲ ಅವಳು ಓಡಲು ಶುರುಮಾಡಿದಾಗ ಅಂಕಿಅಂಶನಿಗೆ ಅಂಕಿಗಳು ಮುಗಿದಿದ್ದವು. ಅವನು ನೀರು ಕುಡಿಯುತ್ತಿದ್ದ. ನಾನು ಸುಮ್ಮನೆ ತೆರೆಯನ್ನೇ ನೋಡುತ್ತಿದ್ದೆ. ಅದೇ ಅಡ್ಡ ಹೆಜ್ಜೆ, ಅದೇ ಬೆನ್ನಿನ ಬಾಗು. ಅಣ್ಣ ನನಗೆ ಕಲಿಸಿದ್ದನ್ನೇ ಅವಳಿಗೂ ಕಲಿಸಿದ್ದ. ಕೋಣೆಯಲ್ಲಿ ಸದ್ದೇ ಇಲ್ಲ. ಕಿವಿಯಲ್ಲಿ ಸೌಂಡ್ ಇಂಜಿನಿಯರ್ ಅವಸರದಿಂದ ಹೇಳಿದ.

"ಅಕ್ಕ, ತುಂಬಿ."

ತೆರೆಯಲ್ಲಿ ಜಾವೆಲಿನ್ ಕೈಬಿಟ್ಟಿತು, ಹುಡುಗಿಯ ಬಾಯಿ ತೆರೆಯಿತು, ನಾನು ಕೂಗಿದೆ.

ಕೆಮ್ಮಿನ ಗುಂಡಿ ಒತ್ತಿರಲಿಲ್ಲ. ಅದು ನಾಯಕಿಗೆ ಕೊಟ್ಟ ಕಿರುಚಾಟವಾಗಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಾಯಿಗಳನ್ನು ಎಬ್ಬಿಸಿದ ಕೂಗೇ ಆಗಿತ್ತು. ಅವಳ ಬಾಯಿಗೆ ಅಚ್ಚುಕಟ್ಟಾಗಿ ಕೂತಿತು. ಅವಳ ಬಾಯಿ ಮುಚ್ಚಿದಾಗ ನನ್ನದೂ ಮುಚ್ಚಿತು. ಅಂಕಿಅಂಶ ಕುಡಿಯುತ್ತಿದ್ದ ನೀರನ್ನು ಕಾಗದಗಳ ಮೇಲೆ ಚೆಲ್ಲಿಕೊಂಡು ನನ್ನನ್ನೇ ನೋಡಿದ. ಫಲಕದಲ್ಲಿ ಐವತ್ತೆಂಟು ಮೀಟರ್ ನಲವತ್ತು ಎಂದು ಬಂತು.

ನಾಲ್ಕು ಸೆಂಟಿಮೀಟರ್. ಒಂದು ಬೆಂಕಿಕಡ್ಡಿಯಷ್ಟು ಉದ್ದ. ಹೊಸ ದಾಖಲೆ ಎಂದು ನಾನೇ ಹೇಳಿದೆ. ಬಸ್ಸಿನ ವೇಳಾಪಟ್ಟಿ ಓದಿದಂತೆ ಹೇಳಿದೆ. ಆಮೇಲೆ ಗುಂಡಿ ಒತ್ತಿಕೊಂಡು, ಆ ಫಲಕವನ್ನೂ ಅಣ್ಣನನ್ನೂ ಆ ಟೇಪನ್ನೂ ಸೇರಿಸಿ ಬೈದೆ.

ಪಂದ್ಯ ಮುಗಿಯುವ ಹೊತ್ತಿಗೆ ಮೈದಾನದ ಸದ್ದು ಸರಿಹೋಗಿತ್ತು. ಇದೇ ಎಡವಟ್ಟಾದದ್ದು. ಆ ಕೂಗಿನ ಹೊತ್ತಿಗೇ ಸದ್ದು ಬಂತೆಂದು ಪ್ರೊಡ್ಯೂಸರ್ ತಿಳಿದರು. ಸೌಂಡ್ ಇಂಜಿನಿಯರನ ಬೆನ್ನು ತಟ್ಟಿದರು, ಅವನೂ ಪಾಪ ನಿಜ ಬಾಯಿಬಿಡಲಿಲ್ಲ. ಆ ಎಸೆತದ ತುಣುಕನ್ನು ಸಂಜೆಯೊಳಗೆ ಊರಿಗೆ ಊರೇ ನೋಡಿತು. ಹುಡುಗಿಯ ಗರ್ಜನೆ ಎಂದು ಅದಕ್ಕೆ ಹೆಸರಿಟ್ಟರು. ಮಕ್ಕಳು ಕೋಲು ಹಿಡಿದು ಕೂಗುತ್ತಾ ಓಡಿದರು, ಫೋನುಗಳು ನನ್ನ ದನಿಯಲ್ಲಿ ಕರೆದವು. ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಕೆಲಸ ಹೋಗುತ್ತಿತ್ತು ಎಂಬುದು ಅರ್ಧ ಕಾರಣ. ನನ್ನ ದಾಖಲೆ ಹೋದರೂ ಹೊಸದರ ಮೇಲೆ ನನ್ನ ಕೂಗು ಕೂತಿದೆಯಲ್ಲ ಎಂಬ ಕೆಟ್ಟ ತೃಪ್ತಿ ಉಳಿದರ್ಧ.

ಅಂಕಿಅಂಶನಿಗೆ ಗೊತ್ತಿತ್ತು. ಮುಂದಿನ ಸಲ ನನ್ನ ಒಪ್ಪಂದದ ಕಾಗದ ಸಹಿಗೆ ಬಂದಾಗ ಈ ವಿಷಯ ತನಗೆ ಜ್ಞಾಪಕಕ್ಕೆ ಬರಬಹುದು ಎಂದು ನಯವಾಗಿ ಹೇಳಿ ನಕ್ಕ. ಬರಲಿ ಬಿಡಿ, ಜ್ಞಾಪಕ ಇಟ್ಟುಕೊಳ್ಳುವುದೊಂದೇ ನಿಮ್ಮ ಕೆಲಸವಲ್ಲವೇ ಎಂದೆ.

ಮೂರನೇ ದಿನ ಅಣ್ಣನ ಫೋನ್ ಬಂತು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು. ಚೆನ್ನಾಗಿದ್ದೀಯಾ ಎಂದು ಕೇಳುವ ಜಾತಿಯವನಲ್ಲ ಅವನು.

"ನನ್ನ ಮಗಳು ಕೂಗಲ್ಲ," ಎಂದ. "ಬಾಯಿ ತೆರೀತಾಳೆ, ಉಸಿರು ಬಿಡ್ತಾಳೆ, ಅಷ್ಟೇ. ಅದು ನಿನ್ನ ಗಂಟಲು. ಹೋಗಿ ನಿಜ ಹೇಳು."

"ದಾಖಲೆ ತಗೊಂಡಾಯ್ತಲ್ಲ, ಇನ್ನೇನು ಬೇಕು ನಿನಗೆ?"

"ನಾನು ಇಷ್ಟು ವರ್ಷ ಕಲಿಸಿದ್ದು ಸುಳ್ಳು ಅಂತ ಜನ ಆಡ್ಕೊಳ್ತಿದಾರೆ. ಕೂಗಿದ್ದಕ್ಕೇ ದೂರ ಹೋಯ್ತು ಅಂತಾರೆ."

ಜನ ಸರಿಯಾಗೇ ಹೇಳುತ್ತಿದ್ದಾರೆ ಎಂದು ಫೋನ್ ಇಟ್ಟೆ. ಅವತ್ತು ಒಂದು ತಟ್ಟೆ ಹೆಚ್ಚಾಗೇ ಊಟ ಮಾಡಿದೆ.

ಮುಂದಿನ ವಾರ ಪ್ರೊಡ್ಯೂಸರ್ ಹುಡುಗಿಯನ್ನು ಸ್ಟುಡಿಯೋಗೆ ಕರೆಸಿದರು. ನೇರಪ್ರಸಾರ, ಹಳೆ ದಾಖಲೆಯ ಅತ್ತೆ ಹೊಸ ದಾಖಲೆಯ ಸೊಸೆಯನ್ನು ಮಾತಾಡಿಸುವುದು, ಕೊನೆಯಲ್ಲಿ ಹುಡುಗಿ ಕ್ಯಾಮೆರಾ ನೋಡಿ ಒಮ್ಮೆ ಗರ್ಜಿಸುವುದು. ಇದು ಅವರ ಯೋಜನೆ. ನಾನು ಒಪ್ಪಿಕೊಂಡೆ. ಕೂಗಲು ಬಾರದ ಹುಡುಗಿ ಊರೆದುರು ತಡಬಡಾಯಿಸುತ್ತಾಳೆ, ಅವಳ ಬಾಯಿಗೆ ಬೀಗ ಹಾಕಿದ ಅಣ್ಣನಿಗೆ ಮುಖಭಂಗವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮೇಕಪ್ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಕನ್ನಡಿಯ ಸುತ್ತಲಿನ ಬಲ್ಬುಗಳಲ್ಲಿ ಎರಡು ಕೆಟ್ಟಿದ್ದವು. ನನ್ನಷ್ಟೇ ಎತ್ತರ, ನನ್ನದೇ ಗದರುವ ಮುಖ. ಬಲ ಅಂಗೈ ತುಂಬ ಜಡ್ಡುಗಟ್ಟಿದ ಚರ್ಮ. ನನ್ನನ್ನು ಕಂಡು ಎದ್ದು ನಿಂತಳು, ನಗಲಿಲ್ಲ.

"ಅತ್ತೆ, ಅದನ್ನ ತೆಗೀರಿ."

"ಏನನ್ನ?"

"ನಿಮ್ಮ ಕೂಗನ್ನ. ಅಂಗಡಿಗೆ ಹೋದ್ರೂ ಕೂಗಿ ತೋರ್ಸು ಅಂತಾರೆ. ನಾನು ಎಸೆದಿದ್ದನ್ನ ನಾನೇ ನೋಡಿದ್ರೆ ಬೇರೆ ಯಾರೋ ಎಸೆದ ಹಾಗಿರುತ್ತೆ."

ನಾಲ್ಕು ಸೆಂಟಿಮೀಟರಿಗೆ ಇಷ್ಟು ಜಂಭ ಬೇಡ ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು, ಆದರೆ ಮಾತು ಹಿಂದಕ್ಕೆ ಬರುವುದಿಲ್ಲ.

"ನಾಲ್ಕೇ ಆದ್ರೂ ನಂದು," ಎಂದಳು. "ಅಪ್ಪ ನನ್ನ ಹತ್ರ ಬಾಯಿ ಮುಚ್ಚು ಅಂತಾರೆ. ನೀವು ನನ್ನ ಬಾಯೊಳಗೇ ಬಂದು ಕೂತ್ರಿ. ನಿಮ್ಮಿಬ್ಬರ ಜಗಳಕ್ಕೆ ನನ್ನ ಬಾಯೇ ಬೇಕಾಯ್ತಾ?"

ಕಪಾಳಕ್ಕೆ ಬಿಗಿದಂತಾಯಿತು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಆದರೆ ಆ ಮಧ್ಯಾಹ್ನದ ಆಟ ನೆನಪಾಯಿತು: ತೆರೆಯ ಮೇಲೆ ನನ್ನ ಬಾಯಿ, ಅದರಲ್ಲಿ ಯಾರದೋ ಸಕ್ಕರೆ ದನಿ, ಕತ್ತಲಲ್ಲಿ ಜನರ ನಗು. ಅವತ್ತು ಅರ್ಧಕ್ಕೇ ಎದ್ದುಬಂದವಳು ನಾನು. ಈ ಹುಡುಗಿ ಎಲ್ಲಿಗೆ ಎದ್ದುಹೋಗಬೇಕು? ಅಷ್ಟರಲ್ಲಿ ಒಳಗೆ ಕರೆದರು.

ದೀಪಗಳು ಹತ್ತಿದವು. ನಾನು ಕೇಳಿದೆ, ಅವಳು ಚುಟುಕಾಗಿ ಉತ್ತರಿಸಿದಳು. ಹತ್ತು ನಿಮಿಷ ಹೀಗೆ ಹಲ್ಲು ಕಚ್ಚಿಕೊಂಡು ಕಳೆದೆವು. ಕೂಗಿಸಿ, ಈಗ ಕೂಗಿಸಿ ಎಂದು ಪ್ರೊಡ್ಯೂಸರ್ ಕಿವಿಯಲ್ಲಿ ತಲೆ ತಿನ್ನತೊಡಗಿದರು. ಆ ಗರ್ಜನೆಯನ್ನು ಒಮ್ಮೆ ಕೇಳಿಸುತ್ತೀಯಾ ಎಂದು ಕೇಳಬೇಕಾದದ್ದು ನಾನು. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅವಳು ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದುಕೊಂಡು, ತುಟಿ ಬಿಗಿದು ನನ್ನನ್ನೇ ನೋಡುತ್ತಿದ್ದಳು. ನಾನು ಕೇಳಲಿಲ್ಲ. ನೇರಪ್ರಸಾರದಲ್ಲಿ ಮೌನ ಬೆಳೆಯಿತು. ಕಿವಿಯಲ್ಲಿ ಸೌಂಡ್ ಇಂಜಿನಿಯರ್ ಅಂಗಲಾಚಿದ.

"ಅಕ್ಕ, ಸದ್ದಿಲ್ಲ. ತುಂಬಿ, ತುಂಬಿ."

ಕಿವಿಯಿಂದ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ.

"ಈ ಹುಡುಗಿ ಅವತ್ತು ಕೂಗಲಿಲ್ಲ," ಎಂದೆ. "ಮೈದಾನದ ಸದ್ದು ಇರಲಿಲ್ಲ. ನೀವು ಕೇಳಿದ್ದು ನನ್ನ ಕೂಗು. ಸಿನಿಮಾಗಳಲ್ಲಿ ಬೇರೆಯವರ ಬಾಯಿಗೆ ಕೂಗಿ ಕೂಗಿ ನನಗೆ ಅಭ್ಯಾಸ. ಆ ಎಸೆತ ಪೂರ್ತಿ ಅವಳದು. ಅದನ್ನ ಇನ್ನೊಂದ್ಸಲ ತೋರಿಸಿ, ಸದ್ದು ತೆಗೆದು."

ಆಮೇಲೆ ಸೌಂಡ್ ಇಂಜಿನಿಯರೇ ಇರಬೇಕು, ತುಣುಕನ್ನು ಹಾಕಿದ. ದೊಡ್ಡ ತೆರೆಯಲ್ಲಿ ಹುಡುಗಿ ಓಡಿಬಂದಳು. ಅಡ್ಡ ಹೆಜ್ಜೆ, ಬೆನ್ನಿನ ಬಾಗು. ನನ್ನ ಹೊಟ್ಟೆಯಲ್ಲಿ ಕೂಗು ಎದ್ದಿತು, ಅದಕ್ಕೆ ಬುದ್ಧಿಯಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಜಾವೆಲಿನ್ ಕೈಬಿಟ್ಟಿತು, ಅವಳ ಬಾಯಿ ತೆರೆಯಿತು, ಸ್ಟುಡಿಯೋದಲ್ಲಿ ಪಂಖದ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಎಷ್ಟು ಚೆನ್ನಾಗಿ ಎಸೆದಿದ್ದಳು ಎಂದು ಆಗ ಕಂಡಿತು. ಅಲ್ಲಿಯವರೆಗೂ ನಾನು ಆ ಎಸೆತವನ್ನು ಕೇಳಿದ್ದೆನೇ ಹೊರತು ನೋಡಿರಲಿಲ್ಲ.

ದೀಪ ಆರಿದ ಕೂಡಲೇ ಪ್ರೊಡ್ಯೂಸರ್ ಕೆಂಡಾಮಂಡಲವಾಗಿ ಬಂದರು. ನಾಳೆಯಿಂದ ಬರುವುದು ಬೇಡ, ಬಾವಿಗೇ ಹೋಗಿ ಎಂದರು. ಬಾಗಿಲ ಬಳಿ ಅಂಕಿಅಂಶ ಆಗಲೇ ಬಾಮೈದನಿಗೆ ಫೋನ್ ಮಾಡುತ್ತಿದ್ದ. ಅವನಿಗೆ ಇಷ್ಟು ದಿನ ಜೋಪಾನವಾಗಿ ಬಚ್ಚಿಟ್ಟುಕೊಂಡ ಗುಟ್ಟು ಕೈಜಾರಿದ ಬೇಸರವೂ ಇತ್ತು, ಕುರ್ಚಿ ಸಿಕ್ಕ ಖುಷಿಯೂ ಇತ್ತು. ಮುಖ ಯಾವುದನ್ನು ತೋರಿಸಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು.

ಹುಡುಗಿ ಮೈಕು ಬಿಚ್ಚಿಕೊಂಡು ನನ್ನ ಹತ್ತಿರ ಬಂದಳು. ಏನೋ ಹೇಳಲು ಬಾಯಿ ತೆರೆದಳು. ಅದಕ್ಕೆ ಮೊದಲೇ ನಾನು ಹೇಳಿಬಿಟ್ಟೆ.

"ಮೊಣಕೈ ಇಳಿದಿತ್ತು. ಇಲ್ಲದಿದ್ರೆ ಅರವತ್ತು ದಾಟ್ತಿದ್ದೆ."

ಅವಳ ಮುಖ ಸಣ್ಣದಾಯಿತು. "ಅಪ್ಪನೂ ಅದನ್ನೇ ಅಂದ್ರು," ಎಂದಳು. ಚೀಲ ತೆಗೆದುಕೊಂಡು ಹೊರಟಳು.

ನಾನು ಅಲ್ಲೇ ನಿಂತೆ. ನನ್ನ ಬಾಯಿಂದ ಹೊರಬಿದ್ದದ್ದು ಅಣ್ಣನ ಮಾತು. ಯಾರೂ ತುಂಬಿ ಎನ್ನದೆಯೇ ಹತ್ತೊಂಬತ್ತು ವರ್ಷದಿಂದ ಅವನು ಒಳಗೆ ಕೂತಿದ್ದ.

ಕಾರಿಡಾರಿನ ತುದಿಯಲ್ಲಿ, ಸಂದರ್ಶಕರ ಬೆಂಚಿನ ಹತ್ತಿರ ಅವನು ನಿಂತಿದ್ದ. ಕೂದಲು ಬೆಳ್ಳಗಾಗಿದೆ, ಕುತ್ತಿಗೆಯಲ್ಲಿ ನನಗೆ ಕಲಿಸುವಾಗಿನ ಅದೇ ಸೀಟಿ. ಮಗಳ ಚೀಲಕ್ಕೆ ಕೈ ಚಾಚಿದ, ನನ್ನ ಕಡೆ ನೋಡದೆ ತಿರುಗಿದ. ಇಬ್ಬರೂ ಬಾಗಿಲ ಕಡೆ ನಡೆದರು. ನಾನು ಹಿಂದಿನಿಂದ ಕೂಗಿದೆ.

"ಚೆನ್ನಾಗಿ ಎಸೆದೆ."

ಇಬ್ಬರೂ ತಿರುಗಿದರು. ನಾನು ಹೇಳಿದ್ದು ಹುಡುಗಿಗೆ. ಅಣ್ಣ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದ, ತನಗೆ ಬಾರದ ಭಾಷೆ ಕೇಳಿದವನಂತೆ. ಆ ಮಾತು ಹೇಗಿರುತ್ತದೆಂದು ಅವನಿಗೂ ಒಮ್ಮೆ ಗೊತ್ತಾಗಲಿ ಎಂದು, ಅವನ ಮುಖವನ್ನೇ ನೋಡುತ್ತಾ, ಇನ್ನೊಂದು ಸಲ ಹೇಳಿದೆ.